ನಾಲ್ಕು ಸೆಕೆಂಡಿನ ಜಿಫ್‌ಗೆ ಫೋಟೋಶಾಪ್ ಬೇಕೇ?

ವಿಡಿಯೋ ತುಣುಕೊಂದನ್ನು ಜಿಫ್ (ಸದ್ದಿಲ್ಲದೆ ಓಡುವ ಪುಟ್ಟ ಚಲಿಸುವ ಚಿತ್ರ) ಆಗಿಸಲು ಇಂದು ದೊಡ್ಡ ತಂತ್ರಾಂಶವೇನೂ ಬೇಕಾಗಿಲ್ಲ. ಬ್ರೌಸರಿನಲ್ಲೇ ಕೆಲಸ ಮಾಡುವ ಪರಿವರ್ತಕಗಳಿವೆ, ಫೋನಿನ ಆ್ಯಪ್‌ಗಳಿವೆ. ತುಣುಕನ್ನು ಹಾಕಿ ಗುಂಡಿ ಒತ್ತಿದರೆ ಮುಗಿಯಿತು. ಇಷ್ಟಿದ್ದೂ ನಾನು ಈ ಕೆಲಸಕ್ಕೆ ಅಡೋಬಿ ಫೋಟೋಶಾಪನ್ನೇ ತೆರೆಯುತ್ತೇನೆ. ಜಿಫ್ ಎಂಬುದು 1987ರಲ್ಲಿ ಹುಟ್ಟಿದ ಚಿತ್ರ-ಫೈಲಿನ ಮಾದರಿ, ಒಂದು ಫ್ರೇಮಿನಲ್ಲಿ, ಅಂದರೆ ಚಲನೆಯ ಒಂದು ಬಿಡಿ ಚಿತ್ರದಲ್ಲಿ, ಅದು ಹಿಡಿಸಿಕೊಳ್ಳುವುದು ಹೆಚ್ಚೆಂದರೆ 256 ಬಣ್ಣಗಳನ್ನು. ವಿಡಿಯೋದಲ್ಲಿರುವ ಲಕ್ಷಾಂತರ ಬಣ್ಣಗಳಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವನ್ನು ಯಾರಾದರೂ ಮಾಡಲೇಬೇಕು. ಪರಿವರ್ತಕಗಳಲ್ಲಿ ಅದನ್ನು ಯಂತ್ರ ಮಾಡುತ್ತದೆ, ಫೋಟೋಶಾಪಿನಲ್ಲಿ ನಾವು ಮಾಡಬಹುದು. ಈ ವಿಮರ್ಶೆ ಆ ಒಂದು ಸ್ವಾತಂತ್ರ್ಯದ ಬೆಲೆಬಾಳುವಿಕೆಯ ಕುರಿತದ್ದು.

ಪರೀಕ್ಷೆಗೆ ನಾನು ತೆಗೆದುಕೊಂಡದ್ದು ಬೆಕ್ಕಿನ ಮರಿಯೊಂದು ದಾರದ ಉಂಡೆಯನ್ನು ತಟ್ಟುತ್ತಿರುವ ನಾಲ್ಕು ಸೆಕೆಂಡಿನ ತುಣುಕು. ಹಿಂದೆ ಬಿಳಿ ಗೋಡೆ, ಅದರ ಮೇಲೆ ಕಿಟಕಿಯಿಂದ ಬಿದ್ದ ಸಂಜೆಯ ಬೆಳಕು ಎಡದಿಂದ ಬಲಕ್ಕೆ ಮೆಲ್ಲಗೆ ಮಂದವಾಗುತ್ತದೆ. ನೋಡಲು ಸರಳವಾದ ಈ ದೃಶ್ಯ ಜಿಫ್‌ನ ಪಾಲಿಗೆ ಕಠಿಣ ಪರೀಕ್ಷೆ.

ಫೈಲ್ ಮೆನುವಿನ ಇಂಪೋರ್ಟ್ ವಿಭಾಗದಲ್ಲಿರುವ ‘ವಿಡಿಯೋ ಫ್ರೇಮ್ಸ್ ಟು ಲೇಯರ್ಸ್’ ಆಯ್ಕೆಯಿಂದ ಕೆಲಸ ಆರಂಭವಾಗುತ್ತದೆ. ಇಡೀ ವಿಡಿಯೋ ಬೇಕೇ, ಆಯ್ದ ಭಾಗ ಸಾಕೇ, ಎಷ್ಟು ಫ್ರೇಮ್‌ಗಳಿಗೊಂದನ್ನು ತೆಗೆದುಕೊಳ್ಳಬೇಕು ಎಂದು ಕೇಳುವ ಪುಟ್ಟ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಪುಟ್ಟದು ಎಂಬುದೇ ಇಲ್ಲಿನ ತೊಡಕು: ಆ ಅಳತೆಯ ಮುನ್ನೋಟದಲ್ಲಿ ಮರಿಯ ಪಂಜ ಉಂಡೆಗೆ ತಗುಲುವ ಕ್ಷಣವನ್ನು ನಿಖರವಾಗಿ ಹಿಡಿಯುವುದು ಕಷ್ಟ. ಆದ್ದರಿಂದ ಎರಡೂ ತುದಿಗಳಲ್ಲಿ ಅರೆ ಸೆಕೆಂಡು ಹೆಚ್ಚಾಗಿಯೇ ತೆಗೆದುಕೊಂಡು, ಬೇಡವಾದ ಫ್ರೇಮ್‌ಗಳನ್ನು ಆಮೇಲೆ ಅಳಿಸುವುದು ನನ್ನ ರೂಢಿ. ಒಂದು ಸಲಕ್ಕೆ ಗರಿಷ್ಠ 500 ಫ್ರೇಮ್‌ಗಳನ್ನು ಮಾತ್ರ ತರಿಸಿಕೊಳ್ಳಬಹುದೆಂಬ ಮಿತಿಯೂ ಇದೆ, ಆದರೆ ಅಷ್ಟು ಉದ್ದದ ಜಿಫ್ ಮಾಡಹೊರಟವರು ವಿಡಿಯೋವನ್ನು ವಿಡಿಯೋ ಆಗಿಯೇ ಬಿಡುವುದು ಒಳ್ಳೆಯದು.

ಸೆಕೆಂಡಿಗೆ 30 ಫ್ರೇಮ್‌ಗಳಂತೆ ನಾಲ್ಕು ಸೆಕೆಂಡಿಗೆ 120 ಫ್ರೇಮ್‌ಗಳಾಗುತ್ತವೆ. ಒಂದು ಬಿಟ್ಟು ಒಂದನ್ನು ಆರಿಸಿದರೆ 60 ಉಳಿಯುತ್ತವೆ. ಚಲನೆಯ ವೇಗ ಮೂಲದಂತೆಯೇ ಇರಬೇಕಾದರೆ ಪ್ರತಿ ಫ್ರೇಮ್ ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ನಿಲ್ಲಬೇಕು. ಆದರೆ ಜಿಫ್ ಸಮಯವನ್ನು ಸೆಕೆಂಡಿನ ನೂರನೆಯ ಭಾಗದಲ್ಲಿ ಎಣಿಸುವುದರಿಂದ 0.06 ಅಥವಾ 0.07 ಎಂದು ಕೊಡಬೇಕೇ ಹೊರತು ನಡುವಿನದು ಸಾಧ್ಯವಿಲ್ಲ. ಟೈಮ್‌ಲೈನ್ ಫಲಕದಲ್ಲಿ ಎಲ್ಲ ಫ್ರೇಮ್‌ಗಳನ್ನೂ ಒಟ್ಟಿಗೆ ಆಯ್ದು 0.07 ಎಂದು ಕೊಟ್ಟೆ. ಮರಿ ಕಣ್ಣಿಗೆ ತಿಳಿಯದಷ್ಟು ಸೋಮಾರಿಯಾಯಿತು, ಅಷ್ಟೇ.

ಫೋಟೋಶಾಪ್ ತನ್ನ ಗಾತ್ರವನ್ನು ಸಮರ್ಥಿಸಿಕೊಳ್ಳುವುದು ಇದರ ಮುಂದಿನ ಹಂತದಲ್ಲಿ. ಪ್ರತಿ ಫ್ರೇಮೂ ಒಂದೊಂದು ಲೇಯರ್ (ಒಂದರ ಮೇಲೊಂದು ಜೋಡಿಸಿದ ಪದರ) ಆಗಿ ಬಂದಿರುತ್ತದೆಯಾದ್ದರಿಂದ, ಫೋಟೋ ತಿದ್ದಲು ಬಳಸುವ ಸಲಕರಣೆಗಳೆಲ್ಲ ಈಗ ಚಲನೆಗೂ ಒದಗುತ್ತವೆ. ಕಣ್ಣಿಗೆ ಅಲುಗಾಡದಂತೆ ಕಾಣುವ ಗೋಡೆ ನಿಜವಾಗಿ ಸ್ಥಿರವಾಗಿರುವುದಿಲ್ಲ. ಮಂದ ಬೆಳಕಿನಲ್ಲಿ ಕ್ಯಾಮೆರಾ ಹಿಡಿದ ಸಣ್ಣ ಸಣ್ಣ ಕಾಳುಗಳು ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುತ್ತ ಇರುವೆಗಳಂತೆ ಹರಿದಾಡುತ್ತವೆ. ನಾನು ಮಾಡಿದ್ದಿಷ್ಟು: ಒಂದು ಫ್ರೇಮಿನ ಲೇಯರನ್ನು ನಕಲು ಮಾಡಿ ಎಲ್ಲಕ್ಕಿಂತ ಮೇಲಕ್ಕೆ ತಂದು, ಎಲ್ಲ ಫ್ರೇಮ್‌ಗಳಲ್ಲೂ ಕಾಣುವಂತೆ ಇರಿಸಿ, ಅದಕ್ಕೊಂದು ಲೇಯರ್ ಮಾಸ್ಕ್ (ಲೇಯರಿನ ಬೇಕಾದ ಭಾಗವನ್ನು ಮರೆಮಾಡುವ ಮುಸುಕು) ಹಾಕಿ, ಮರಿ ಮತ್ತು ಉಂಡೆ ಓಡಾಡುವ ಜಾಗವನ್ನಷ್ಟೇ ಕಪ್ಪು ಕುಂಚದಿಂದ ತೆರೆದೆ. ಗೋಡೆ ಕಲ್ಲಿನಂತೆ ನಿಂತಿತು, ಮರಿ ಮಾತ್ರ ಆಡತೊಡಗಿತು. ಟೈಮ್‌ಲೈನ್ ಮೆನುವಿನ ‘ಆಪ್ಟಿಮೈಜ್ ಆ್ಯನಿಮೇಶನ್’ ಹಿಂದಿನ ಫ್ರೇಮಿನಿಂದ ಬದಲಾಗದ ಪಿಕ್ಸೆಲ್‌ಗಳನ್ನು ಮತ್ತೆ ಬರೆಯದೆ ಬಿಡುತ್ತದೆ. ಗೋಡೆ ನಿಜಕ್ಕೂ ಸ್ಥಿರವಾದ ಮೇಲೆ ಅದಕ್ಕೆ ಬಿಡಲು ಬೇಕಾದಷ್ಟು ಸಿಗುವುದರಿಂದ ಫೈಲಿನ ಭಾರವೂ ಇಳಿಯುತ್ತದೆ. ಒಂದೇ ಷರತ್ತೆಂದರೆ ಚಿತ್ರೀಕರಣ ಟ್ರೈಪಾಡ್ ಮೇಲಿಂದ ನಡೆದಿರಬೇಕು. ಕೈಯಲ್ಲಿ ಹಿಡಿದು ತೆಗೆದ ವಿಡಿಯೋದಲ್ಲಿ ಮಾಸ್ಕಿನ ಅಂಚು ಬಟ್ಟೆಯ ತೇಪೆಯಂತೆ ಎದ್ದು ಕಾಣುತ್ತದೆ.

ಹೊಸಬರು ಎಡವುವ ಜಾಗವೂ ಇಲ್ಲೇ ಇದೆ, ನಾನೂ ಎಡವಿದ್ದೇನೆ. ಲೇಯರ್ ಮೇಲೆ ಬಿಡಿಸಿದ್ದು ಆ ಲೇಯರ್ ಕಾಣುವ ಎಲ್ಲ ಫ್ರೇಮ್‌ಗಳಿಗೂ ಅನ್ವಯಿಸುತ್ತದೆ. ಆದರೆ ಲೇಯರಿನ ಸ್ಥಾನ, ಪಾರದರ್ಶಕತೆ ಮತ್ತು ಗೋಚರತೆಗಳು ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿರಬಹುದು. 37ನೆಯ ಫ್ರೇಮ್ ಆಯ್ಕೆಯಲ್ಲಿರುವಾಗ ಗಮನಿಸದೆ, ಚಿತ್ರದ ಮೇಲೆ ಹಾಕಿದ್ದ ಶೀರ್ಷಿಕೆಯ ಅಕ್ಷರಗಳನ್ನು ಸ್ವಲ್ಪ ಕೆಳಕ್ಕೆ ಸರಿಸಿದ್ದೆ. ಚಿತ್ರ ಓಡಿದಾಗಲೆಲ್ಲ ಅಲ್ಲೊಂದು ಕಡೆ ಅಕ್ಷರಗಳು ಬಿಕ್ಕಳಿಸಿದಂತೆ ಕುಪ್ಪಳಿಸುತ್ತಿದ್ದವು, ಕಾರಣ ಹುಡುಕಲು ಅರ್ಧ ಗಂಟೆ ಹಿಡಿಯಿತು. ಮೊದಲ ಫ್ರೇಮನ್ನು ಆಯ್ದುಕೊಂಡು, ಅದರಲ್ಲಿ ಮಾಡಿದ ಬದಲಾವಣೆಯನ್ನು ಉಳಿದ ಫ್ರೇಮುಗಳಿಗೂ ಹಬ್ಬಿಸುವ ‘ಪ್ರೊಪಗೇಟ್ ಫ್ರೇಮ್ 1’ ಗುರುತು ಇದೆಯೇ ಎಂದು ನೋಡಿದ ಮೇಲೆಯೇ ಏನನ್ನಾದರೂ ಸರಿಸುವುದು ಕ್ಷೇಮ.

ಉಳಿಸುವ ಕಿಟಕಿಗೆ ‘ಸೇವ್ ಫಾರ್ ವೆಬ್’ ಎಂದು ಹೆಸರು, ಪಕ್ಕದಲ್ಲಿ ‘ಲೆಗಸಿ’ ಎಂಬ ಹಣೆಪಟ್ಟಿ. ಹಳತೆಂದು ಮೂಲೆಗೆ ಸರಿಸಿದ ಈ ಕಿಟಕಿಯೇ ನನ್ನ ದೃಷ್ಟಿಯಲ್ಲಿ ಇಡೀ ತಂತ್ರಾಂಶದ ಅತ್ಯಂತ ಪ್ರಾಮಾಣಿಕ ಭಾಗ. ಮೂಲಚಿತ್ರವನ್ನೂ ಮೂರು ಬೇರೆ ಬೇರೆ ಹೊಂದಾಣಿಕೆಗಳನ್ನೂ ಒಟ್ಟಿಗೆ ಇಟ್ಟು, ಪ್ರತಿಯೊಂದರ ಕೆಳಗೆ ಫೈಲಿನ ಗಾತ್ರವನ್ನು ಬರೆದು ತೋರಿಸುತ್ತದೆ. 256 ಬಣ್ಣಗಳಲ್ಲೂ ಸಂಜೆಯ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ‘ಡಿಫ್ಯೂಶನ್’ ಡಿದರ್ (ಇರುವ ಬಣ್ಣಗಳ ಚುಕ್ಕೆಗಳನ್ನು ಬೆರೆಸಿ ನಡುವಿನ ಛಾಯೆಯ ಭ್ರಮೆ ಹುಟ್ಟಿಸುವ ವಿಧಾನ) ಏರಿಸಿದಾಗ ಮೆಟ್ಟಿಲುಗಳು ಚುಕ್ಕೆಗಳಲ್ಲಿ ಕರಗಿದವು, ಗಾತ್ರ ಮಾತ್ರ ಏರಿತು. ಏಕೆಂದರೆ ಜಿಫ್ ಬಳಸುವ ಎಲ್‌ಜೆಡ್‌ಡಬ್ಲ್ಯು ಸಂಕೋಚನವು ಮರುಕಳಿಸುವ ವಿನ್ಯಾಸಗಳನ್ನು ಚೆನ್ನಾಗಿ ಮಡಚುತ್ತದೆಯೇ ವಿನಾ ಚೆಲ್ಲಾಪಿಲ್ಲಿಯಾದ ಚುಕ್ಕೆಗಳನ್ನಲ್ಲ. ಬಣ್ಣಗಳನ್ನು 128ಕ್ಕೆ ಇಳಿಸಿದಾಗ ವ್ಯತ್ಯಾಸ ತಿಳಿಯಲಿಲ್ಲ, 64ಕ್ಕೆ ಬಂದಾಗ ಮರಿಯ ತುಪ್ಪಳ ಬಣ್ಣ ಬಳಿದ ಹಲಗೆಯಂತಾಯಿತು. 128ರಲ್ಲಿ ನಿಲ್ಲಿಸಿದೆ.

ಆದರೂ ಬಣ್ಣಕ್ಕಿಂತ ಅಳತೆಯ ಉಳಿತಾಯವೇ ದೊಡ್ಡದು. 1920×1080 ಅಳತೆಯ ವಿಡಿಯೋವನ್ನು 480×270ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ಹದಿನಾರನೆಯ ಒಂದು ಭಾಗವಾಗುತ್ತದೆ. ಪಿಕ್ಸೆಲಿಗೆ ಒಂದು ಬೈಟ್ ಎಂದು ಹಿಡಿದರೂ 60 ಫ್ರೇಮ್‌ಗಳಿಗೆ ಸಂಕೋಚನಕ್ಕೆ ಮೊದಲು ಸುಮಾರು 124 ಎಂಬಿ ಆಗಬೇಕಿದ್ದದ್ದು 8 ಎಂಬಿಯೊಳಗೆ ನಿಲ್ಲುತ್ತದೆ. ಇಳಿಸಿದಾಗ ಮಸುಕಾಗುವ ಅಂಚುಗಳಿಗೂ ಮದ್ದಿದೆ: ವಿಡಿಯೋ ಟೈಮ್‌ಲೈನಿಗೆ ಬದಲಿಸಿ, ಲೇಯರ್‌ಗಳನ್ನೆಲ್ಲ ಒಂದೇ ಸ್ಮಾರ್ಟ್ ಆಬ್ಜೆಕ್ಟ್ (ಎಲ್ಲವನ್ನೂ ಒಳಗೆ ಹಿಡಿದಿಟ್ಟ ಒಂದೇ ಗಂಟು) ಮಾಡಿ, ಅಂಚುಗಳನ್ನು ಚೂಪಾಗಿಸುವ ಶಾರ್ಪನ್ ಅನ್ನು ಒಮ್ಮೆ ಹಾಕಿದರೆ ಅರವತ್ತೂ ಫ್ರೇಮುಗಳಿಗೆ ತಲುಪುತ್ತದೆ.

ದಿನಕ್ಕೆ ಹತ್ತಿಪ್ಪತ್ತು ಜಿಫ್ ಮಾಡಬೇಕಾದವರಿಗೆ ಈ ತಂತ್ರಾಂಶವನ್ನು ನಾನು ಸೂಚಿಸಲಾರೆ. ಚಂದಾ ಕಟ್ಟಲು ಒಲ್ಲದವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶವಿದೆ, ಅಲ್ಲಿ ಪ್ರತಿ ಲೇಯರಿನ ಹೆಸರಿನಲ್ಲೇ ಮಿಲಿಸೆಕೆಂಡುಗಳನ್ನು ಬರೆಯಬೇಕಾದ ವಿಚಿತ್ರ ಪದ್ಧತಿಗೆ ಒಗ್ಗಿಕೊಂಡರಾಯಿತು. ಆಜ್ಞೆಗಳನ್ನು ಟೈಪ್ ಮಾಡಲು ಹಿಂಜರಿಯದವರಿಗೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಪರಿವರ್ತಕ ತುಣುಕಿಗೆ ತಕ್ಕ ಬಣ್ಣಪಟ್ಟಿಯನ್ನು ತಾನೇ ಕಟ್ಟಿಕೊಡುತ್ತದೆ. ಮಾಸ್ಕ್ ಹಾಕಿ ಗೋಡೆಯನ್ನು ನಿಲ್ಲಿಸುವಂಥ ಕುಸುರಿ ಬೇಕೆನಿಸಿದವರು ಮಾತ್ರ ಫೋಟೋಶಾಪಿಗೆ ಬರಲಿ, ಬಂದವರು ಉಳಿಸುವ ಮುನ್ನ ಲೂಪಿಂಗ್ ಜಾಗದಲ್ಲಿ ‘ಫಾರೆವರ್’ ಇದೆಯೇ ಎಂದು ನೋಡಿಕೊಳ್ಳಲಿ. ನಾನದನ್ನು ಮರೆತ ದಿನ, ಬೆಕ್ಕಿನ ಮರಿ ಉಂಡೆಗೆ ಒಂದೇ ಏಟು ಕೊಟ್ಟು ಎತ್ತಿದ ಪಂಜವನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತುಬಿಟ್ಟಿತ್ತು.