ಓಐಡೆಂಟ್‌ಡಿ: ಆರು ವರ್ಷ ಸರ್ವರ್‌ನಲ್ಲಿ ಓಡಿಸಿ ನೋಡಿದ ಮೇಲೆ

ನಾವು ಏಳು ಜನ ಗೆಳೆಯರು ಸೇರಿ ಒಂದು ಸಣ್ಣ ಡೆಬಿಯನ್ ಸರ್ವರ್ ಬಾಡಿಗೆಗೆ ಹಿಡಿದಿದ್ದೇವೆ. ಅದರಲ್ಲಿ ಝಡ್‌ಎನ್‌ಸಿ ಬೌನ್ಸರ್ ಓಡುತ್ತದೆ, ಅಂದರೆ ನಾವು ಇಲ್ಲದಾಗಲೂ ನಮ್ಮ ಪರವಾಗಿ ಚಾಟ್‌ಗೆ ಕನೆಕ್ಟ್ ಆಗಿರುವ ಪ್ರೋಗ್ರಾಂ. ಅದರ ಮೂಲಕವೇ ಎಲ್ಲರೂ ಐಆರ್‌ಸಿ ಅನ್ನೋ ಹಳೆಯ ಪಠ್ಯ ಚಾಟ್‌ನಲ್ಲಿ ಇರೋದು. ಅಂದರೆ ಏಳೂ ಜನ ಹೊರಗೆ ಕಾಣುವುದು ಒಂದೇ ಐಪಿಯಿಂದ. 2019ರಲ್ಲಿ ಒಬ್ಬನ ಸ್ಕ್ರಿಪ್ಟ್ ಕೆಟ್ಟು, ಒಂದು ಚಾನೆಲ್‌ಗೆ ರಾತ್ರಿಯಿಡೀ ಹೋಗೋದು ಬರೋದು ಮಾಡಿತು. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಐಪಿಯೇ ಬ್ಯಾನ್. ಏನೂ ಮಾಡದ ಆರು ಜನವೂ ಹೊರಗೆ. ಅಲ್ಲಿನ ಆಪರೇಟರ್ ಒಬ್ಬರು ತಾಳ್ಮೆಯಿಂದ ಹೇಳಿದರು: ನಿಮ್ಮಲ್ಲಿ ಐಡೆಂಟ್ (ಕನೆಕ್ಷನ್ ಯಾವ ಬಳಕೆದಾರನದು ಅಂತ ಹೇಳುವ ಸೇವೆ) ಇದ್ದಿದ್ದರೆ ಆ ಒಬ್ಬನನ್ನು ಮಾತ್ರ ತಡೆಯುತ್ತಿದ್ದೆವು. ಅವತ್ತೇ ಆ ಕೆಲಸ ಮಾಡುವ ಓಐಡೆಂಟ್‌ಡಿ ಅನ್ನೋ ಪ್ರೋಗ್ರಾಂ ಹಾಕಿದೆ.

ಕೆಲಸ ಸರಳ. ನೀವು ಐಆರ್‌ಸಿ ಸರ್ವರ್‌ಗೆ ಕನೆಕ್ಟ್ ಆದ ಕೂಡಲೇ ಅದು ತಿರುಗಿ ನಿಮ್ಮ 113ನೇ ಪೋರ್ಟ್ ತಟ್ಟಿ, ಉದಾಹರಣೆಗೆ ನಿಮ್ಮ 54321ನೇ ಪೋರ್ಟ್‌ನಿಂದ ನನ್ನ 6697ಕ್ಕೆ ಬಂದವರು ಯಾರು ಅಂತ ಕೇಳುತ್ತದೆ. ಐಡೆಂಟ್ ಒಂದೇ ಸಾಲಿನಲ್ಲಿ ಬಳಕೆದಾರನ ಹೆಸರು ಹೇಳುತ್ತದೆ, ಅಷ್ಟೇ. ಉತ್ತರ ಸಿಗದಿದ್ದರೆ ನಿಮ್ಮ ಹೆಸರಿನ ಮುಂದೆ ~ ಗುರುತು ಬೀಳುತ್ತದೆ. ಈ ಪ್ರಶ್ನೋತ್ತರದ ನಿಯಮ ಬರೆದದ್ದು 1993ರ ಆರ್‌ಎಫ್‌ಸಿ 1413 ಅನ್ನೋ ಇಂಟರ್ನೆಟ್ ದಾಖಲೆಯಲ್ಲಿ. ಇವತ್ತಿಗೂ ಹಾಗೇ ನಡೆಯುತ್ತಿದೆ.

ಇನ್‌ಸ್ಟಾಲ್ ಆಗೋಕೆ ಎರಡು ನಿಮಿಷ ಸಾಕು. ಡೆಬಿಯನ್‌ನಲ್ಲಿ ಪ್ರೋಗ್ರಾಂ ಹಾಕುವ ಆಪ್ಟ್‌ನಲ್ಲೇ ಸಿಗುತ್ತದೆ. ಆಮೇಲೆ ಫೈರ್‌ವಾಲ್‌ನಲ್ಲಿ 113 ತೆರೆಯಬೇಕು, ಐಪಿವಿ6ಗೂ ಬೇರೆಯಾಗಿ ತೆರೆಯಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಐಡೆಂಟ್ ಬೇಡ ಅನ್ನುವವರೂ ಆ ಪೋರ್ಟನ್ನು ಡ್ರಾಪ್ (ಉತ್ತರವೇ ಕೊಡದೆ ಬಿಸಾಡುವುದು) ಮಾಡಬೇಡಿ, ರಿಜೆಕ್ಟ್ (ಇಲ್ಲ ಅಂತ ತಕ್ಷಣ ಹೇಳುವುದು) ಮಾಡಿ. ಡ್ರಾಪ್ ಮಾಡಿದರೆ ಆ ಕಡೆಯ ಸರ್ವರ್ ಉತ್ತರಕ್ಕೆ ಕಾದು ಕೂರುತ್ತದೆ, ಪ್ರತಿ ಸಲ ಕನೆಕ್ಟ್ ಆಗುವಾಗಲೂ ಸುಮ್ನೆ ತಡ.

ನಿಜವಾದ ತಲೆನೋವು ಶುರುವಾದದ್ದು ಆಮೇಲೆ. ಝಡ್‌ಎನ್‌ಸಿ ಓಡುವುದು ಒಂದೇ ಲಿನಕ್ಸ್ ಬಳಕೆದಾರನ ಹೆಸರಲ್ಲಿ, ಹಾಗಾಗಿ ಏಳೂ ಜನಕ್ಕೆ ಒಂದೇ ಐಡೆಂಟ್ ಬಂತು. ಹಾಗಾದರೆ ಹಾಕಿ ಏನು ಪ್ರಯೋಜನ, ಅಲ್ವಾ? ಇದಕ್ಕೆ ಝಡ್‌ಎನ್‌ಸಿಯಲ್ಲೇ ಐಡೆಂಟ್‌ಫೈಲ್ ಅನ್ನೋ ಮಾಡ್ಯೂಲ್ ಇದೆ. ಪ್ರತಿ ಕನೆಕ್ಷನ್‌ಗೆ ಮುಂಚೆ ಅದು ಆಯಾ ವ್ಯಕ್ತಿಯ ಹೆಸರನ್ನು ಹೋಮ್ ಫೋಲ್ಡರಿನ ಒಂದು ಫೈಲಿಗೆ ಬರೆಯುತ್ತದೆ, ಓಐಡೆಂಟ್‌ಡಿ ಅದನ್ನು ಓದಿ ಹೇಳುತ್ತದೆ. ಇದಕ್ಕೆ ಓಐಡೆಂಟ್‌ಡಿಯ ಮುಖ್ಯ ಕಾನ್ಫಿಗ್‌ನಲ್ಲಿ ಆ ಒಬ್ಬ ಬಳಕೆದಾರನಿಗೆ ಮಾತ್ರ ಸ್ಪೂಫ್ ಅನುಮತಿ, ಅಂದರೆ ತನ್ನದಲ್ಲದ ಹೆಸರು ಹೇಳುವ ಅನುಮತಿ ಕೊಡಿ. ಎಲ್ಲರಿಗೂ ಕೊಟ್ಟರೆ ಯಾರು ಯಾರ ಹೆಸರು ಬೇಕಾದರೂ ಹೇಳಿಕೊಳ್ಳಬಹುದು.

ಎಲ್ಲ ಸರಿ ಮಾಡಿದರೂ ಎರಡು ಸಂಜೆ ಎಲ್ಲರಿಗೂ ಅದೇ ಒಂದು ಹೆಸರೇ ಬರುತ್ತಿತ್ತು. ಲಾಗ್‌ನಲ್ಲಿ ಪ್ರಶ್ನೆ ಬಂದದ್ದು ಕಾಣುತ್ತಿತ್ತು, ಆಯಾ ವ್ಯಕ್ತಿಯ ಹೆಸರು ಮಾತ್ರ ಹೋಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಪರ್ಮಿಷನ್ ತಪ್ಪು: ಓಐಡೆಂಟ್‌ಡಿ ಕಡಿಮೆ ಅಧಿಕಾರದ ಬಳಕೆದಾರನಾಗಿ ಓಡುತ್ತದೆ, ನನ್ನ ಹೋಮ್ ಫೋಲ್ಡರ್ 700 (ಮಾಲೀಕನಿಗೆ ಮಾತ್ರ ಪ್ರವೇಶ) ಇತ್ತು, ಅದಕ್ಕೆ ಒಳಗೆ ಕಾಲಿಡೋಕೇ ಆಗುತ್ತಿರಲಿಲ್ಲ. ಫೋಲ್ಡರ್ 711 (ಬೇರೆಯವರು ಹಾದುಹೋಗಬಹುದು), ಫೈಲ್ 644 (ಬೇರೆಯವರು ಓದಬಹುದು) ಮಾಡಿದೆ. ಮುಂದಿನ ಕನೆಕ್ಷನ್‌ಗೇ ಸರಿಯಾದ ಹೆಸರು ಬಂತು. ನೀವೂ ಸಿಕ್ಕಿಹಾಕಿಕೊಂಡರೆ ಮೊದಲು ಇದನ್ನೇ ನೋಡಿ.

ಒಂದು ಕೊರತೆ ಹಾಗೇ ಉಳಿದಿದೆ. ಆ ಫೈಲ್ ಒಂದೇ, ಹಾಗಾಗಿ ಒಂದು ಸಲಕ್ಕೆ ಒಬ್ಬರೇ ಕನೆಕ್ಟ್ ಆಗಬಹುದು. ಸರ್ವರ್ ರೀಬೂಟ್ ಆದ ದಿನ ಏಳು ಜನ, ಒಬ್ಬೊಬ್ಬರಿಗೆ ಎರಡು ಮೂರು ನೆಟ್‌ವರ್ಕ್, ಎಲ್ಲರೂ ಸರದಿಯಲ್ಲಿ ನಿಲ್ಲಬೇಕು. ನಡುವೆ ಝಡ್‌ಎನ್‌ಸಿಯನ್ನು ಡಾಕರ್ ಕಂಟೇನರ್‌ಗೆ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ) ಹಾಕಿ ನೋಡಿದೆ, ಅಲ್ಲಿ ಇನ್ನೂ ಕಷ್ಟ. ಕಂಟೇನರಿನ ನೆಟ್‌ವರ್ಕ್ ಬೇರೆ, ಹೊರಗಿರುವ ಓಐಡೆಂಟ್‌ಡಿಗೆ ಆ ಕನೆಕ್ಷನ್ ಯಾರದು ಅಂತ ಗೊತ್ತಾಗುವುದಿಲ್ಲ. ಒಂದು ವಾರ ಒದ್ದಾಡಿ ಮತ್ತೆ ಹಳೆಯ ರೀತಿಗೇ ಬಂದೆ.

ಲಾಗಿನ್‌ಗೆ ಮಾತ್ರ ಇದನ್ನು ನಂಬಬೇಡಿ. ಹೆಸರು ಹೇಳುವುದು ಆ ಕಡೆಯ ಯಂತ್ರ, ಅದು ಏನು ಬೇಕಾದರೂ ಹೇಳಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನೆಟ್‌ವರ್ಕ್ ಮೇಲೆ ಐಡೆಂಟ್ ಲಾಗಿನ್ ಇಟ್ಟ ಸೆಟಪ್ ಒಂದನ್ನು ನಾನೇ ನೋಡಿದ್ದೇನೆ, ಭಯವಾಯಿತು. ಒಂದೇ ಯಂತ್ರದೊಳಗಾದರೆ ಅದರಲ್ಲಿ ಬಳಕೆದಾರ ಯಾರು ಅಂತ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳುವ ಪೀರ್ ವಿಧಾನ ಇದೆ, ಅದನ್ನು ಬಳಸಿ.

ಇಷ್ಟು ವರ್ಷದಲ್ಲಿ ಓಐಡೆಂಟ್‌ಡಿ ಒಮ್ಮೆಯೂ ತಾನಾಗಿ ಬಿದ್ದಿಲ್ಲ. ಕಳೆದ ತಿಂಗಳು ಎಂಟನೆಯ ಗೆಳತಿ ಸೇರಿದಳು. ಕನೆಕ್ಟ್ ಆದ ಮೇಲೆ ಹೂಈಸ್ (ಯಾರು ಅಂತ ತೋರಿಸುವ ಐಆರ್‌ಸಿ ಕಮಾಂಡ್) ಹೊಡೆದು ನೋಡಿದೆ. ಅವಳ ಹೆಸರು, ಮುಂದೆ ~ ಇಲ್ಲ.