ಸ್ಪೀಕರ್ ಕ್ಲಾಸು, ಕೋಲಿನ ಕ್ಲಾಸು: ಮಗಳ ಡಾನ್ಸಿಗೆ ಕಲಬುರಗಿ ಸುತ್ತಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೋಲಿನ ಟೀಚರ್‌ಗೆ, ಅಂದರೆ ಮಣೆ ಮೇಲೆ ಕೋಲು ತಟ್ಟಿ ತಾಳ ಹಾಕುವವರಿಗೆ. ಒಂದೂವರೆ ವರ್ಷದಲ್ಲಿ ಮಗಳನ್ನು ಮೂರು ಕಡೆ ಸೇರಿಸಿ, ಎರಡು ಕಡೆ ಬಿಡಿಸಿದ ಮೇಲೆ ಹೇಳುತ್ತಿರುವ ಮಾತಿದು.

ಮೊದಲು ಸೇರಿಸಿದ್ದು ಭರತನಾಟ್ಯದ ದೊಡ್ಡ ಕ್ಲಾಸಿಗೆ. ಗೋಡೆ ತುಂಬ ಕನ್ನಡಿ, ಏಸಿ, ತಿಂಗಳಿಗೆ 1,500. ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 'ವಿದ್ವತ್'. ಆ ವಿದ್ವತ್ ಮಾಡಿದವರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ದಿನಾ ಕಲಿಸುತ್ತಿದ್ದದ್ದು ಜೂನಿಯರ್ ಪಾಸಾದ ಕಾಲೇಜು ಹುಡುಗಿ. ಡಾನ್ಸಿನ ಪರೀಕ್ಷೆಗಳು ಹೀಗೆ: ಜೂನಿಯರ್, ಸೀನಿಯರ್, ಆಮೇಲೆ ವಿದ್ವತ್. ಅವಳು ಇನ್ನೂ ಮೊದಲ ಮೆಟ್ಟಿಲಲ್ಲಿದ್ದಳು. ಅವಳದೇನು ತಪ್ಪು, ಪಾಪ. ಸೇರಿಸುವಾಗ ಬೋರ್ಡು ನೋಡಿದೆನೇ ಹೊರತು, ದಿನಾ ಮಕ್ಕಳ ಎದುರು ನಿಲ್ಲೋದು ಯಾರು ಅಂತ ನಾನೇ ಕೇಳಲಿಲ್ಲ.

ಮೂರನೇ ತಿಂಗಳಿಗೇ ಹಾಡಿಗೆ ಕುಣಿತ ಶುರು. ನಮಗೂ ಖುಷಿ, ಅಜ್ಜಿಗೆ ವಿಡಿಯೋ ಕಳಿಸಿದ್ದೇ ಕಳಿಸಿದ್ದು.

ಏನು ಕಲಿತಿಲ್ಲ ಅಂತ ಗೊತ್ತಾಗಿದ್ದು ಈಗಿನ ಟೀಚರ್ ಮನೆಯಲ್ಲಿ. ಕನ್ನಡಿ ಇಲ್ಲ, ಸ್ಪೀಕರ್ ಇಲ್ಲ. ಅವರು ಮಣೆ ಮುಂದಿಟ್ಟುಕೊಂಡು ಕೋಲು ಹಿಡಿದು, ತಟ್ಟಡವು ಮಾಡು, ಮೊದಲನೇ ಕಾಲದಲ್ಲಿ ಅಂದರು. ತಟ್ಟಡವು ಅಂದರೆ ಪಾದ ತಟ್ಟುವ ಮೊದಲ ಅಡವು, ಕಾಲ ಅಂದರೆ ವೇಗ. ಎಲ್ಲಕ್ಕಿಂತ ನಿಧಾನದ ನಡೆ, ಎಲ್ಲಕ್ಕಿಂತ ಸುಲಭ ಅಂದುಕೊಂಡೆ. ನಾಲ್ಕು ಪೆಟ್ಟಿಗೇ ನನ್ನ ಮಗಳು ತಾಳದಿಂದ ಹೊರಗೆ! "ಯಾಕ ಓಡ್ಲತ್ತಿ ಅವ್ವಿ? ತಾಳ ಇನ್ನಾ ಹಿಂದೇ ಅದ," ಅಂತ ಟೀಚರ್ ನಕ್ಕರು. ಮಗಳು ಅತ್ತಳು.

ವಿಷಯ ಏನೆಂದರೆ, ನಿಧಾನವೇ ಕಷ್ಟ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಅರೆಮಂಡಿಯಲ್ಲೇ ಕಾಯಬೇಕು. ಅರ್ಧ ಕೂತು, ಮೊಣಕಾಲು ಹೊರಕ್ಕೆ, ಬೆನ್ನು ನೆಟ್ಟಗೆ. ತೊಡೆ ನಡುಗುತ್ತದೆ. ಜೋರು ಹಾಡಿನಲ್ಲಿ ಅರೆಮಂಡಿ ಕೂತಿದ್ದಾಳೋ ಸುಮ್ನೆ ಬಗ್ಗಿದ್ದಾಳೋ ಯಾರು ನೋಡುತ್ತಾರೆ? ಅದರ ಮೇಲೆ ಕನ್ನಡಿಯ ಚಟ ಬೇರೆ. ಪ್ರತಿ ತಿರುವಿಗೂ ಗೋಡೆ ಕಡೆ ಕಣ್ಣು. ಇದನ್ನು ಬಿಡಿಸಲು ಬರೀ ತಟ್ಟಡವು, ಮೂರು ತಿಂಗಳು. ಹೊಸದಾಗಿ ಸೇರಿದ ಆರು ವರ್ಷದ ಕೂಸು ಇವಳಿಗಿಂತ ಮುಂದೆ ಹೋಯಿತು. ನಾನು ಕಟ್ಟಿದ ಫೀಸಿನಲ್ಲಿ ಯಾವುದು ಜಾಸ್ತಿ ದುಬಾರಿ ಅಂದರೆ, ಈ ಮೂರು ತಿಂಗಳು.

ಈ ಟೀಚರ್ ಮೈಸೂರಿನಲ್ಲಿದ್ದು ಕಲಿತವರು. ವಿದ್ವತ್ ಜೊತೆಗೆ ನಟ್ಟುವಾಂಗವನ್ನೂ ಕಲಿತಿದ್ದಾರೆ. ಬಾಯಲ್ಲಿ ಸೊಲ್ಲು, ಕೈಯಲ್ಲಿ ತಾಳ ಹಿಡಿದು ಕುಣಿಸುವ ವಿದ್ಯೆ ಅದು. ಸ್ಪೀಕರ್ ಯಾಕೆ ಇಲ್ಲ ಅಂತ ಕೇಳಿದ್ದಕ್ಕೆ, "ಅದು ಕೂಸಿನ ಸಲುವಾಗಿ ನಿಂದ್ರಂಗಿಲ್ಲ ನೋಡ್ರಿ," ಅಂದರು. ಮಗು ತಪ್ಪಿದ ಕಡೆ ಇವರ ಕೋಲು ನಿಲ್ಲುತ್ತದೆ. ನೆಲ ಶಹಾಬಾದ್ ಫರಸಿ, ಕಾಲಿಗೆ ಗಟ್ಟಿ. ಅದಕ್ಕೇ ಜೋರಾಗಿ ಬಡಿಯಲು ಬಿಡುವುದಿಲ್ಲ, ಪಾದ ಪೂರ್ತಿ ಚಪ್ಪಟೆಯಾಗಿ ಬೀಳಬೇಕು. ನಲವತ್ತು ನಿಮಿಷಕ್ಕೆ ಅಡವು ಬಂದ್. ಹಿಂದಿನ ಕ್ಲಾಸಿನಲ್ಲಿ ಹಿಮ್ಮಡಿ ನೋವು ಅಂತ ಅಳುತ್ತಿದ್ದವಳು ಈಗ ಆ ಸುದ್ದಿ ಎತ್ತುವುದಿಲ್ಲ.

ಕೊನೆಯ ಹತ್ತು ನಿಮಿಷ ಎಲ್ಲರೂ ಕೂತು ಅಭಿನಯ. ಮೈಸೂರು ಅರಮನೆಯ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಇವರ ಕಥೆ ಆಗಲೇ ಬರುವುದು. ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂದದ್ದು ಮಗಳಿಂದಲೇ ನನಗೆ ಗೊತ್ತಾಯಿತು. ಈಗ ಮನೆಯಲ್ಲಿ ಹೋಂವರ್ಕ್ ಮಾಡು ಅಂದರೆ ಮುನಿದ ನಾಯಕಿಯ ಹಾಗೆ ಹುಬ್ಬು ಎತ್ತುತ್ತಾಳೆ.

ಟೀಚರ್ ಫೋನ್ ಎತ್ತುವುದಿಲ್ಲ. ಐದು ನಿಮಿಷ ತಡವಾದರೆ ಬಾಗಿಲಲ್ಲೇ ನಿಲ್ಲಬೇಕು. ಪಂಡಿತ ರಂಗಮಂದಿರದ ಸ್ಟೇಜು ಎರಡು ವರ್ಷ ಕೇಳಲೇಬಾರದಂತೆ.

ನಡುವೆ ಒಂದು ತಿಂಗಳು ಕಥಕ್‌ಗೂ ಹಾಕಿದ್ದೆ. ಗುರುಗಳು ಚೆನ್ನಾಗಿ ಕಲಿಸುತ್ತಾರೆ, ಎದುರಿಗೇ ತಬಲಾ. ಆದರೆ ಸೇಡಂ ರಸ್ತೆ ನಮಗೆ ದೂರ, ಅದೂ ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ! ಆ ಕಡೆ ಮನೆ ಇದ್ದರೆ ಕಣ್ಣು ಮುಚ್ಚಿ ಸೇರಿಸಿ.

ಶಾಲೆಯ ಗ್ಯಾದರಿಂಗ್‌ಗೆ ಒಂದು ಡಾನ್ಸು ಸಾಕು ಅನ್ನುವವರಿಗೆ ಕನ್ನಡಿ ಕ್ಲಾಸೇ ಸರಿ. ನಮಗೆ ಕೋಲಿನ ಟೀಚರ್ ಹೊಂದುತ್ತಾರೆ. ತಿಂಗಳಿಗೆ 700, ಬೆಳಿಗ್ಗೆ ಆರಕ್ಕೆ ಕ್ಲಾಸು, ನಾನು ಹೇಗೂ ಐದಕ್ಕೆ ಏಳುವವಳು. ಏಪ್ರಿಲ್, ಮೇನಲ್ಲಿ ನಮ್ಮ ಸರ್ಕಾರಿ ಆಫೀಸು ಎಂಟಕ್ಕೇ ಶುರುವಾದರೂ ಅವಳನ್ನು ಕರೆತಂದು, ಡಬ್ಬಿ ಕಟ್ಟಿಕೊಂಡು ಹೊರಡಬಹುದು.

ಮಗಳು ಈಗ ಎರಡನೇ ಕಾಲಕ್ಕೆ ಬಂದಿದ್ದಾಳೆ. ಕೆಳಗಿನ ಮನೆಯ ಕಾಕಾ ಮಾತ್ರ ಈ ವಾರ ಎರಡು ಸಲ ಮೇಲೆ ಬಂದು ಹೋದರು.