ವಿವಿಟಿ ದೋಷ ಪತ್ತೆಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಷ್ಟು ಸಾಕು?

ಸಾವಿರ ರೂಪಾಯಿಯೊಳಗೆ ಸಿಗುವ ಇಎಲ್‌ಎಂ327 ಬಗೆಯ, ಅಂದರೆ ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡುಗಳನ್ನು ಓದಿ ಫೋನಿಗೆ ಕಳುಹಿಸುವ ಬ್ಲೂಟೂತ್ ಅಡಾಪ್ಟರುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದು ಫೋನಿಗೆ ಜೋಡಿಕೊಂಡಿತೇ, ಚೆಕ್ ಎಂಜಿನ್ ಲೈಟನ್ನು ಆರಿಸಿತೇ ಎಂಬಷ್ಟಕ್ಕೇ ನಿಲ್ಲಿಸುತ್ತಾರೆ. ನಾನು ಇದನ್ನು ಒಂದೇ ಕೆಲಸದ ಮಟ್ಟಿಗೆ ಒರೆಗೆ ಹಚ್ಚಿ ನೋಡಿದ್ದೇನೆ: ಪೆಟ್ರೋಲ್ ಎಂಜಿನ್ನಿನ ವೇರಿಯಬಲ್ ವಾಲ್ವ್ ಟೈಮಿಂಗ್, ಅಂದರೆ ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಬದಲಿಸುವ ವಿವಿಟಿ ವ್ಯವಸ್ಥೆ ಕೆಟ್ಟಾಗ, ಕೆಟ್ಟಿರುವುದು ಯಾವ ಭಾಗ ಎಂಬುದನ್ನು ಕಂಡುಹಿಡಿಯಲು ಇದು ಎಷ್ಟು ನೆರವಾಗುತ್ತದೆ. ಅಡಾಪ್ಟರ್ ಯಾವ ಕಂಪನಿಯದೆಂದು ಹೇಳಲು ಅದರ ಮೇಲೆ ಹೆಸರೇ ಇಲ್ಲ. ಕಾರು ಮಡಿಕೇರಿಯಲ್ಲಿರುವ ನಮ್ಮ ಮನೆಯ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್.

ಮಾರುತಿ ಸುಜುಕಿಯ ಕೆ ಸರಣಿಯ ಎಂಜಿನ್ನುಗಳಲ್ಲಿ ವಿವಿಟಿ ಎಂದೂ, ಟೊಯೊಟಾದಲ್ಲಿ ವಿವಿಟಿ-ಐ ಎಂದೂ, ಹ್ಯುಂಡೈನಲ್ಲಿ ವಿಟಿವಿಟಿ ಎಂದೂ, ಫೋರ್ಡ್‌ನಲ್ಲಿ ಟಿಐ-ವಿಸಿಟಿ ಎಂದೂ ಕರೆಯಲಾಗುವ ವ್ಯವಸ್ಥೆಗಳು ಒಳಗೆ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಕೆಲಸ ಮಾಡುತ್ತವೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಆಯಿಲ್ ಕಂಟ್ರೋಲ್ ವಾಲ್ವಿಗೆ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತದೆ. ಆ ವಾಲ್ವ್ ಎಂಜಿನ್ ಆಯಿಲನ್ನು, ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ತುದಿಯಲ್ಲಿರುವ ಫೇಸರಿನ ಒಂದು ಬದಿಗೋ ಇನ್ನೊಂದು ಬದಿಗೋ ಹರಿಸುತ್ತದೆ. ಆಯಿಲ್ ಒತ್ತಡಕ್ಕೆ ಫೇಸರ್ ತಿರುಗಿ, ಟೈಮಿಂಗ್ ಚೈನಿಗೆ ಹೋಲಿಸಿದರೆ ಕ್ಯಾಮ್ ಕೆಲವು ಡಿಗ್ರಿ ಮುಂದಕ್ಕೆ ಅಥವಾ ಹಿಂದಕ್ಕೆ ಸರಿಯುತ್ತದೆ. ಹಾಗೆ ಸರಿದದ್ದು ಎಷ್ಟು ಎಂಬುದನ್ನು ಕ್ಯಾಮ್ ಸೆನ್ಸರ್ ಇಸಿಯುಗೆ ತಿಳಿಸುತ್ತದೆ. ಅಪ್ಪಣೆ ವಿದ್ಯುತ್ತಿನದ್ದಾದರೂ ದುಡಿಮೆ ಆಯಿಲಿನದ್ದು ಎಂಬುದೇ ಈ ದೋಷಗಳನ್ನು ಹುಡುಕುವುದು ಕಷ್ಟವಾಗಲು ಕಾರಣ.

ನಮ್ಮ ಕಾರಿನಲ್ಲಿ ಐಡ್ಲಿಂಗ್ ಏರುಪೇರಾಗಿ, ಪಿಕಪ್ ಕಡಿಮೆಯಾಗಿ, ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತ್ತು. ಅಡಾಪ್ಟರನ್ನು ಸ್ಟಿಯರಿಂಗ್ ಕೆಳಗಿನ ಒಬಿಡಿ ಎಂಬ ತಪಾಸಣೆ ಸಾಕೆಟ್ಟಿಗೆ ಸಿಕ್ಕಿಸಿದಾಗ ಪಿ0011 ಎಂಬ ಕೋಡ್ ಕಾಣಿಸಿತು. ಇಷ್ಟರ ಮಟ್ಟಿಗೆ ಸಾಧನ ತಡವರಿಸಲಿಲ್ಲ. ಆದರೆ ಈ ಕೋಡ್ ಹೇಳುವುದು, ಎಂಜಿನ್ನಿಗೆ ಗಾಳಿ ಬಿಡುವ ವಾಲ್ವುಗಳನ್ನು ತೆರೆಯುವ ಇನ್‌ಟೇಕ್ ಕ್ಯಾಮ್ ಇಸಿಯು ಬಯಸಿದ್ದಕ್ಕಿಂತ ಮುಂದಿದೆ ಅಥವಾ ಅದರ ಮಾತಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂದು ಮಾತ್ರ; ಯಾವ ಭಾಗ ಕೆಟ್ಟಿದೆ ಎಂದಲ್ಲ. ಆಯಿಲ್ ಕಂಟ್ರೋಲ್ ವಾಲ್ವಿನ ವೈರಿಂಗಿನಲ್ಲೋ ಕಾಯಿಲಿನಲ್ಲೋ ದೋಷವಿದ್ದರೆ ಸಾಮಾನ್ಯವಾಗಿ ಪಿ0010 ಬರುತ್ತದೆ. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ ಸೆನ್ಸರುಗಳ ಲೆಕ್ಕ ಪರಸ್ಪರ ತಾಳೆಯಾಗದಿದ್ದರೆ ಪಿ0016 ಬರುತ್ತದೆ, ಆಗ ಚೈನ್ ಸಡಿಲವಾಗಿದೆಯೇ ಎಂದು ಗಂಭೀರವಾಗಿಯೇ ನೋಡಬೇಕಾಗುತ್ತದೆ. ಫೋನಿನಲ್ಲಿ ಕೋಡಿನ ವಿವರ ಓದಿದ ಕೂಡಲೇ ವಾಲ್ವ್ ಆರ್ಡರ್ ಮಾಡುವವರು ಈ ಮೂರರ ನಡುವಿನ ಅಂತರವನ್ನು ಗಮನಿಸುವುದೇ ಇಲ್ಲ. ನಾವು ಮೊದಲು ಕಾರನ್ನು ತೋರಿಸಿದ ಗ್ಯಾರೇಜಿನವರೂ ಬಾನೆಟ್ ತೆರೆಯುವ ಮೊದಲೇ ಹೊಸ ವಾಲ್ವಿನ ದರ ಹೇಳಿದ್ದರು.

ಈ ಅಡಾಪ್ಟರಿನ ನಿಜವಾದ ಬೆಲೆ ಗೊತ್ತಾಗುವುದು ಫ್ರೀಜ್ ಫ್ರೇಮ್ ಎಂಬ, ಹೆಚ್ಚಿನವರು ತೆರೆದೇ ನೋಡದ ಪುಟದಲ್ಲಿ. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಲೋಡ್, ಕೂಲೆಂಟ್ ಉಷ್ಣತೆ, ಗಾಡಿಯ ವೇಗ ಎಷ್ಟಿದ್ದವು ಎಂಬುದನ್ನು ಇಸಿಯು ಹಾಗೆಯೇ ಹಿಡಿದಿಟ್ಟಿರುತ್ತದೆ. ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಕೋಡ್ ಬಂದಿದ್ದರೆ ಆಯಿಲ್ ತೆಳುವಾಗಿ ಒತ್ತಡ ಸಾಲದೇ ಹೋಗಿರಬಹುದೆಂಬ ಕಡೆಗೆ ಅನುಮಾನ ವಾಲುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಬಂದಿದ್ದರೆ ಆಯಿಲ್ ಮಂದವಾಗಿರುವುದು ಅಥವಾ ವಾಲ್ವ್ ಅಂಟಿಕೊಳ್ಳುತ್ತಿರುವುದು ಮೊದಲು ನೆನಪಾಗಬೇಕು. ನಮ್ಮ ಕಾರಿನ ಫ್ರೀಜ್ ಫ್ರೇಮ್ ಎರಡನೆಯ ಬಗೆಯದಾಗಿತ್ತು. ಕೋಡನ್ನು ಅಳಿಸಿದರೆ ಈ ದಾಖಲೆಯೂ ಅಳಿಸಿಹೋಗುತ್ತದೆ, ಹಾಗಾಗಿ ಕ್ಲಿಯರ್ ಗುಂಡಿಯನ್ನು ಒತ್ತುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಗ್ಯಾರೇಜಿಗೆ ಕೊಡುವ ಮುನ್ನವಂತೂ ಇದು ಕಡ್ಡಾಯ ಎನ್ನುವೆ, ಏಕೆಂದರೆ ಅಲ್ಲಿ ಮೊದಲು ನಡೆಯುವುದೇ ಕೋಡ್ ಅಳಿಸುವ ಕೆಲಸ.

ಲೈವ್ ಡೇಟಾದ ವಿಷಯದಲ್ಲಿ ಮಾತ್ರ ಈ ಸಾಧನ ನಿರಾಸೆ ಮಾಡುತ್ತದೆ. ಪಟ್ಟಿಯಲ್ಲಿ ‘ಟೈಮಿಂಗ್ ಅಡ್ವಾನ್ಸ್’ ಎಂಬ ಅಂಕಿ ಕಾಣಿಸುತ್ತದೆ. ಅದು ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಹೊತ್ತಿಗೆ ಸಂಬಂಧಿಸಿದ್ದು, ಕ್ಯಾಮಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆ ಅಂಕಿ ಏರಿಳಿಯುವುದನ್ನು ನೋಡಿ ವಿವಿಟಿ ಸರಿಯಾಗಿದೆ ಎಂದು ತೀರ್ಮಾನಿಸುವುದು ತಪ್ಪು. ಇಸಿಯು ಬಯಸಿದ ಕ್ಯಾಮ್ ಕೋನ ಎಷ್ಟು, ನಿಜವಾಗಿ ಇರುವುದು ಎಷ್ಟು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ವಿವಿಟಿ ಪರೀಕ್ಷೆಯ ಜೀವಾಳ, ಅವು ಕಾರು ತಯಾರಕರ ಸ್ವಂತ ಡೇಟಾದಲ್ಲಿರುತ್ತವೆ. ಕೆಲವು ಆ್ಯಪ್‌ಗಳಲ್ಲಿ ಆಯಾ ಕಂಪನಿಯ ಪ್ರೊಫೈಲ್ ಆರಿಸಿಕೊಂಡು ಅವುಗಳನ್ನು ಓದಲು ಪ್ರಯತ್ನಿಸಬಹುದಾದರೂ, ನನ್ನ ಅಡಾಪ್ಟರ್ ಉತ್ತರ ತರುವ ವೇಗ ಎಷ್ಟು ನಿಧಾನವೆಂದರೆ ಆಕ್ಸಿಲರೇಟರ್ ಒತ್ತಿದಾಗ ಕ್ಷಣಮಾತ್ರದಲ್ಲಿ ನಡೆದು ಮುಗಿಯುವ ಫೇಸರಿನ ಚಲನೆ ಗ್ರಾಫಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ವಾಲ್ವನ್ನು ಸ್ಕ್ಯಾನರಿನಿಂದಲೇ ಚಾಲೂ ಮಾಡಿ ನೋಡುವ ಆ್ಯಕ್ಚುಯೇಟರ್ ಟೆಸ್ಟ್ ಬೇಕಾದರೆ ಗ್ಯಾರೇಜುಗಳಲ್ಲಿರುವ ದುಬಾರಿ ಸ್ಕ್ಯಾನರೇ ಗತಿ.

ಆ ಕೊರತೆಯನ್ನು ಮಲ್ಟಿಮೀಟರ್ ಮತ್ತು ಎರಡು ವೈರಿನ ತುಂಡುಗಳು ಒಂದು ಮಟ್ಟಿಗೆ ತುಂಬಿಕೊಡುತ್ತವೆ. ವಾಲ್ವಿನ ಕಪ್ಲರ್ ಬಿಚ್ಚಿ ರೆಸಿಸ್ಟೆನ್ಸ್ ಅಳೆಯಬೇಕು. ಟೊಯೊಟಾದ ಹಲವು ಎಂಜಿನ್ನುಗಳಲ್ಲಿ ಇದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.9ರಿಂದ 7.9 ಓಮ್ ಇರಬೇಕು, ಉಳಿದ ಕಾರುಗಳಿಗೆ ಅವುಗಳ ಸರ್ವಿಸ್ ಮ್ಯಾನ್ಯುಯಲ್ ನೋಡಿಕೊಳ್ಳಬೇಕು. ಬಳಿಕ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಇನ್‌ಟೇಕ್ ಬದಿಯ ಆಯಿಲ್ ಕಂಟ್ರೋಲ್ ವಾಲ್ವಿಗೆ ಬ್ಯಾಟರಿಯ 12 ವೋಲ್ಟನ್ನು ಕ್ಷಣಕಾಲ ಕೊಟ್ಟರೆ, ಎಂಜಿನ್ ತಡವರಿಸಬೇಕು ಅಥವಾ ಆಫ್ ಆಗಬೇಕು. ತಡವರಿಸಿದರೆ ಆಯಿಲ್ ಫೇಸರಿಗೆ ತಲುಪುತ್ತಿದೆ, ಫೇಸರ್ ತಿರುಗುತ್ತಿದೆ ಎಂದರ್ಥ. ವಾಲ್ವ್ ಟಿಕ್ ಎಂದರೂ ಎಂಜಿನ್ನಿನ ಓಟ ಬದಲಾಗದಿದ್ದರೆ ಆಯಿಲ್ ದಾರಿಯನ್ನೋ ಫೇಸರನ್ನೋ ಶಂಕಿಸಬೇಕು.

ನಮ್ಮ ಕಾರಿನ ಕಾಯಿಲ್ ಸರಿಯಾಗಿಯೇ ಇತ್ತು, ಎಂಜಿನ್ ಪ್ರತಿಕ್ರಿಯಿಸುವುದು ಮಾತ್ರ ತಡವಾಗುತ್ತಿತ್ತು. ವಾಲ್ವ್ ಹೊರತೆಗೆದಾಗ ಅದರ ಸಣ್ಣ ಜಾಲರಿಯಲ್ಲಿ ಕಪ್ಪು ಜಿಡ್ಡು ಕಟ್ಟಿತ್ತು. ಹಿಂದಿನ ಮಾಲೀಕರು ಕೊಟ್ಟಿದ್ದ ಬಿಲ್ಲುಗಳನ್ನು ತಿರುವಿದರೆ, 5ಡಬ್ಲ್ಯು-30 ಹಾಕಬೇಕಾದ ಎಂಜಿನ್ನಿಗೆ ಅದಕ್ಕಿಂತ ದಪ್ಪನೆಯ 20ಡಬ್ಲ್ಯು-50 ತುಂಬಿಸಿರುವುದು ಗೊತ್ತಾಯಿತು. ಗಾಡಿಗೆ ವಯಸ್ಸಾದಂತೆ ದಪ್ಪ ಆಯಿಲ್ ಹಾಕಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಕೊಡಗಿನ ಚಳಿಗೆ ಮತ್ತು ವಿವಿಟಿಯ ಸಪೂರ ದಾರಿಗಳಿಗೆ ಅದು ಹೊಂದುವುದಿಲ್ಲ. ಜಾಲರಿ ಮತ್ತು ವಾಲ್ವನ್ನು ತೊಳೆದು, ಸರಿಯಾದ ಗ್ರೇಡಿನ ಆಯಿಲನ್ನು ಹೊಸ ಫಿಲ್ಟರಿನೊಂದಿಗೆ ಹಾಕಿದ ಮೇಲೆ ಕೋಡ್ ಮರಳಿ ಬಂದಿಲ್ಲ. ಹೊಸ ವಾಲ್ವ್ ಬೇಕಾಗಲೇ ಇಲ್ಲ.

ಹಾಗಾಗಿ ಬೆಲೆಯನ್ನು ನೋಡಿದರೆ ಈ ಅಡಾಪ್ಟರಿಗೆ ಐದಕ್ಕೆ ಮೂರು ಅಂಕ ಕೊಡಬಹುದು. ಆ ಮೂರರಲ್ಲಿ ಎರಡು ಫ್ರೀಜ್ ಫ್ರೇಮಿಗೇ ಸಲ್ಲಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಚೈನ್ ಬದಿಯಿಂದ ಗರಗರ ಸದ್ದು ಬಂದು, ಜೊತೆಗೆ ಪಿ0016 ಕೂಡ ತೋರಿಸುವ ಕಾರಿಗೆ ಇದನ್ನು ಕೊಳ್ಳುವುದಕ್ಕಿಂತ ಅದೇ ಹಣವನ್ನು ಒಳ್ಳೆಯ ಗ್ಯಾರೇಜಿನ ತಪಾಸಣೆಗೆ ಕೊಡುವುದು ಮೇಲು. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಆವೃತ್ತಿ ಸಂಖ್ಯೆಯನ್ನು ನಂಬಬಾರದು: ಮೂಲ ಚಿಪ್ ತಯಾರಿಸುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗಳ ಮೇಲೆ ಕಾಣುವ 1.5 ಎಂಬ ಆವೃತ್ತಿಯನ್ನು ಹೊರತಂದೇ ಇರಲಿಲ್ಲ, 2022ರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು. ಐಫೋನ್ ಇರುವವರು ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದನ್ನೇ ಆರಿಸಿಕೊಳ್ಳಬೇಕು. ಒಬಿಡಿ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುವುದರಿಂದ, ಕಾರನ್ನು ವಾರಗಟ್ಟಲೆ ನಿಲ್ಲಿಸುವವರು ಅಡಾಪ್ಟರನ್ನು ಕಿತ್ತಿಡುವುದು ಒಳ್ಳೆಯದು.